ವಾರ್ಷಿಕೋತ್ಸವದ ಗಾಡಿ ನೋಡುವ ಕಣ್ಣು

ವಾರ್ಷಿಕೋತ್ಸವದ ವಿಶೇಷ ಆವೃತ್ತಿ ಎದುರಿಗೆ ನಿಂತಾಗ ಬೆಲೆ ಆಮೇಲೆ ಕೇಳಿ. ಅದು ಯಾವ ನೆನಪನ್ನು ಹೊತ್ತು ಬಂದಿದೆ ಎಂಬುದನ್ನು ಮೊದಲು ಹುಡುಕಿ. ಅಮೆರಿಕದ ಫೋರ್ಡ್ ಮಸ್ಟಾಂಗ್‌ಗೆ 50 ತುಂಬಿದಾಗ ತಯಾರಾದ ವಿಶೇಷ ಕಾರುಗಳು 1,964. ಮೊದಲ ಮಸ್ಟಾಂಗ್ ಬಂದ ಇಸವಿಯೇ ಅಲ್ಲಿ ಸಂಖ್ಯೆಯಾಯಿತು. 2019ರಲ್ಲಿ ಚೆಕ್ ಮೂಲದ ಜಾವಾ ಬೈಕಿಗೆ 90 ತುಂಬಿತು. ಭಾರತದಲ್ಲಿ ಬಂದ ವಿಶೇಷ ಆವೃತ್ತಿ 90 ಬೈಕು. ಟ್ಯಾಂಕಿನ ಕೆಂಪು ಮತ್ತು ಕೆನೆಬಣ್ಣ 1929ರ ಜಾವಾ 500 ಓಎಚ್‌ವಿಯಿಂದ ತಂದದ್ದು. ಪ್ರತಿ ಟ್ಯಾಂಕಿನ ಮೇಲೂ ಆ ಬೈಕಿನ ಕ್ರಮಸಂಖ್ಯೆ.

ಬಣ್ಣ ಬಳಿದು ನಂಬರ್ ಕೊಟ್ಟರೆ ಆಯಿತೇ, ಎಂಜಿನ್ ಆಗಿನ ಮಾಮೂಲಿ ಜಾವಾದ ಅದೇ 293 ಸಿಸಿ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಎಂಜಿನ್ ಅದೇ, ನಿಜ. ಆದರೆ ಇಲ್ಲಿ ಕಲೆ ಇರುವುದು ಹಳೆಯದರಲ್ಲಿ ಯಾವುದನ್ನು ಆರಿಸಿಕೊಂಡರು ಎಂಬುದರಲ್ಲಿ. ಆ ಆಯ್ಕೆಯ ಬಗ್ಗೆ ನನ್ನ ತಕರಾರು ಇದೆ. ಟ್ಯಾಂಕಿನ ಬಣ್ಣ ನೆನೆಯುವುದು ಚೆಕ್ ನೆಲವನ್ನು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆಯವರಿಗೆ ಜಾವಾ ಎಂದರೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ, ಆಮೇಲೆ ಅಲ್ಲಿಂದಲೇ ಬಂದ ಯೆಜ್ಡಿ. 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ನೆನಪು ಬಣ್ಣದಲ್ಲಿಲ್ಲ. ಅದು ಎರಡು ಬದಿಗೂ ಚಾಚಿದ ಜೋಡಿ ಸೈಲೆನ್ಸರ್‌ನಲ್ಲಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಎಂಬ ಆ ಚಹರೆ ಮಾಮೂಲಿ ಹೊಸ ಜಾವಾದಲ್ಲೂ ಇದೆ. ಹಾಗಾಗಿ ಬಣ್ಣಕ್ಕಿಂತ ಆಕಾರವನ್ನು ಹೆಚ್ಚು ನಂಬಿ.

ಹಳೆಯ ಸದ್ದು ಎಲ್ಲಿ ಎಂಬ ಕೊರಗು ಇನ್ನೊಂದು, ಮತ್ತು ಅದು ನ್ಯಾಯವಾದದ್ದೇ. ಹಳೆಯದು ಟೂ ಸ್ಟ್ರೋಕ್: ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗಲೆಲ್ಲ ಒಮ್ಮೆ ಸಿಡಿಯುತ್ತದೆ. ಹೊಸದು ಫೋರ್ ಸ್ಟ್ರೋಕ್, ಸಿಡಿಯುವುದು ಎರಡು ಸುತ್ತಿಗೊಮ್ಮೆ. ಹಿರಿಯೂರಿನಿಂದ ಮಾರಿಕಣಿವೆಯ ಕಡೆಗೆ ಹೊರಟರೆ ಎರಡರ ಲಯವೇ ಬೇರೆ. ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುವ ಆ ಹಳೆಯ ಎಂಜಿನ್ ಇಂದಿನ ಹೊಗೆ ನಿಯಮಗಳಿಗೆ ಒಗ್ಗುವುದಿಲ್ಲ. ಅದೇ ಸದ್ದನ್ನು ಸ್ಪೀಕರಿನಲ್ಲಿ ನಕಲು ಮಾಡದೆ ಬಿಟ್ಟದ್ದು ಪ್ರಾಮಾಣಿಕತೆ ಎಂದೇ ನನ್ನ ಎಣಿಕೆ.

ಕಣ್ಣು ಪಳಗಬೇಕಾದರೆ ಹೊಸದಕ್ಕಿಂತ ಮೊದಲು ಹಳೆಯ ಜಾವಾವನ್ನು ನೋಡಿ. ಎಡಗಡೆ ಬಗ್ಗಿ ಗೇರಿನ ಲಿವರ್ ಗಮನಿಸಿ: ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಒಂದೇ ಕಬ್ಬಿಣಕ್ಕೆ ಎರಡು ಕೆಲಸ. ಇಂಥದ್ದೊಂದು ಉಪಾಯವನ್ನು ಯಾವ ವಿಶೇಷ ಆವೃತ್ತಿಯಾದರೂ ಮರಳಿ ತಂದರೆ, ಅದರ ನಂಬರ್ ಎಷ್ಟೇ ಇರಲಿ, ನಿಂತು ನೋಡಿ.