ವಿಮಾನ ಉಂಟು, ಸ್ಪ್ಯಾನರ್ ಎಲ್ಲಿ?

‘ವಿಮಾನಂ’ ಅಂತ ಮಲಯಾಳಂ ಸಿನಿಮಾ, 2017ರದ್ದು. ಪ್ರದೀಪ್ ನಾಯರ್ ನಿರ್ದೇಶನ, ಪೃಥ್ವಿರಾಜ್ ಹೀರೋ. ಕಿವಿ ಸರಿಯಾಗಿ ಕೇಳದ ಬಡ ಹುಡುಗ ತಾನೇ ವಿಮಾನ ಕಟ್ಟುತ್ತಾನೆ. ಇಡುಕ್ಕಿಯ ಸಜಿ ಥಾಮಸ್ ನಿಜವಾಗಿ ಕಟ್ಟಿ ಹಾರಿಸಿದ್ದರಿಂದ ಹುಟ್ಟಿದ ಕಥೆ. ಆಫೀಸಿನ ಗೆಳೆಯರು ಅತ್ತುಕೊಂಡು ನೋಡಿದ್ದಾರೆ. ಅಳು ನನಗೂ ಬಂತು ಮಾರಾಯ್ರೆ, ಅದು ಬೇರೆ ಮಾತು. ನನ್ನ ತಕರಾರು ಇಷ್ಟೇ: ಪ್ರೀತಿ ಉಂಟು, ಅವಮಾನ ಉಂಟು, ಛಲ ಉಂಟು. ವಿಮಾನ ಕಟ್ಟುವ ಕೆಲಸ ಮಾತ್ರ ಇದಕ್ಕೆಲ್ಲ ಹಿನ್ನೆಲೆ.

ಪತ್ರಿಕೆಗಳದ್ದೂ ಇದೇ ರೋಗ. ನಮ್ಮ ಕಾಪು ತಾಲೂಕಿನ ಹೆಜಮಾಡಿಯ ಹುಡುಗರು ಶಾಂಭವಿ ಹೊಳೆಯಲ್ಲಿ ಪುಟ್ಟ ಸೀಪ್ಲೇನ್ ಓಡಿಸಿದಾಗ ಹೆಡ್‌ಲೈನ್ ತುಂಬಾ ‘ದೇಶದಲ್ಲೇ ಮೊದಲು’, ‘ಸಾಧನೆ’. ಹೆಮ್ಮೆ ಸರಿ. ಅದರ ಗುರುತ್ವ ಕೇಂದ್ರ ಎಲ್ಲಿ ಬಂತು ಅಂತ ಒಬ್ಬನಾದರೂ ಕೇಳಬೇಕಿತ್ತು.

ಯಾಕೆ ಕೇಳಬೇಕು? ಭಾರ ಹಿಂದಕ್ಕೆ ಜಾಸ್ತಿಯಾದರೆ ಮೂತಿ ಮೇಲೇಳುತ್ತದೆ, ವೇಗ ಸಾಯುತ್ತದೆ, ಕೋಲು ಎಷ್ಟು ಮುಂದೆ ತಳ್ಳಿದರೂ ಮೂತಿ ಇಳಿಯುವುದಿಲ್ಲ. ಮೂರು ಚಕ್ರದಡಿ ಮೂರು ತಕ್ಕಡಿ ಇಟ್ಟು, ಒಂದೊಂದರ ತೂಕವನ್ನು ಗೊತ್ತಾದ ಒಂದು ಬಿಂದುವಿನಿಂದ ಅದರ ದೂರಕ್ಕೆ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಎಂಟನೇ ಕ್ಲಾಸಿನ ಲೆಕ್ಕ. ಜೀವ ನಿಂತಿರುವುದು ಅದರ ಮೇಲೆ.

ಮಲ್ಪೆ ಧಕ್ಕೆಯಲ್ಲಿ ನಿಂತರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಟ್ರಾಲ್ ಬೋಟಿನ ಇಂಜಿನ್ ನಡುಸಮುದ್ರದಲ್ಲಿ ಕೆಟ್ಟರೆ ವೈರ್‌ಲೆಸ್‌ನಲ್ಲಿ ಕೂಗಿ, ಇನ್ನೊಂದು ಬೋಟು ಬಂದು ಎಳೆದು ತರುತ್ತದೆ. ಫೈಬರ್ ದೋಣಿಗೆ ಗ್ಲಾಸ್ ಬಟ್ಟೆ ಹಾಸಿ ರೆಸಿನ್ ಬಳಿಯುವ ಕೈಗಳಿಗೆ ವಿಮಾನದ ರೆಕ್ಕೆ ಮಾಡುವ ಕಸುಬು ತೀರಾ ಅಪರಿಚಿತವೇನಲ್ಲ. ಅಮೆರಿಕದ ಬರ್ಟ್ ರುಟಾನ್‌ನ ಲಾಂಗ್-ಈಝಿ ಹೀಗೇ, ಫೋಮಿನ ಮೇಲೆ ಗ್ಲಾಸ್ ಬಟ್ಟೆ ಸುತ್ತಿ ಮನೆಯಲ್ಲೇ ಮಾಡುವ ವಿಮಾನ. ಆದರೆ ಆಕಾಶದಲ್ಲಿ ಎಳೆದು ತರುವ ಬೋಟಿಲ್ಲ.

2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ 24 ವರ್ಷದ ವೆಲ್ಡರ್ ಒಬ್ಬ ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುವಾಗ, ನೆಲದ ಮೇಲೇ, ಬ್ಲೇಡು ತಲೆಗೆ ಬಡಿದು ಸತ್ತ. ಸಿನಿಮಾ ನೋಡಿ ಮರುಳಾದವನೆಂದು ಮರುದಿನ ಬರೆದರು, ‘ರಾಂಚೋ’ ಎಂದರು. ಸತ್ತ ಮೇಲೂ ಅದೇ ಹಾಡು.

ಅಮೆರಿಕದಲ್ಲಿ ಈ ಹವ್ಯಾಸಿಗಳ ಸಂಘ 1953ರಿಂದ ಉಂಟು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದ್ದೇ ಆಗಿರಬೇಕು. ತಪಾಸಣೆ ಮುಗಿದ ಮೇಲೂ, ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟಿಂಗ್ ಇಲ್ಲದೆ ಪ್ರೊಡಕ್ಷನ್ ಇಲ್ಲ. ನಮ್ಮಲ್ಲಿ? ಮುಂಬೈ ಕಾಂದಿವಲಿಯಲ್ಲಿ ಮನೆ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್, 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ಅದನ್ನು ತೋರಿಸಿದ ಮೇಲೂ ನೋಂದಣಿಗೆ 2017ರ ಕೊನೆಯವರೆಗೆ ಕಾಯಬೇಕಾಯಿತು. ಆ ಕಾಯುವಿಕೆಯೇ ಒಂದು ಸಿನಿಮಾ. ಬೆಂಗಳೂರಿನ ರಾಜಹಂಸ ಕಂಪನಿಯ ಎಕ್ಸ್-ಏರ್ ಕಿಟ್, ಅಲ್ಯೂಮಿನಿಯಂ ಕೊಳವೆಗೆ ಬಟ್ಟೆ ತೊಡಿಸಿದ್ದು, ಯುರೋಪು ಅಮೆರಿಕದಲ್ಲೆಲ್ಲ ಹಾರಿತು. ಅದರ ಮೇಲೂ ಯಾರೂ ಕಥೆ ಬರೆಯಲಿಲ್ಲ, ಲವ್ ಸ್ಟೋರಿ ಇಲ್ಲ ನೋಡಿ.

ಮುಂದಿನ ನಿರ್ದೇಶಕರು ಒಂದೇ ಒಂದು ತೂಕದ ದೃಶ್ಯ ತೆಗೆಯಲಿ. ಬೇಕಾದರೆ ಇಲ್ಲೇ ಶೂಟಿಂಗ್ ಮಾಡಲಿ, ಮಲ್ಪೆ ಬಂದರಿನಲ್ಲಿ ತಕ್ಕಡಿಗೇನೂ ಬರವಿಲ್ಲ.