‘ಸಾಮಂತ’ ಎಂಬ ಮಾತು

ಪಂಪಭಾರತವನ್ನು ಪಾಠ ಹೇಳುವಾಗ ಅರಿಕೇಸರಿಯನ್ನು ‘ರಾಷ್ಟ್ರಕೂಟರ ಸಾಮಂತ’ನೆಂದು ಪರಿಚಯಿಸಿ ಮುಂದೆ ಸಾಗುವುದು ನಮ್ಮ ಕಾಲೇಜುಗಳ ವಾಡಿಕೆ. ಕಪ್ಪ ಕೊಟ್ಟು ಕೈಕಟ್ಟಿ ನಿಲ್ಲುವವನೆಂದು ವಿದ್ಯಾರ್ಥಿಗಳು ಅರ್ಥ ಬರೆದುಕೊಳ್ಳುತ್ತಾರೆ. ಅಲ್ಲಿಂದ ಮುಂದಿನ ತೀರ್ಮಾನ ಸುಲಭ: ಇಂಥ ಕಿರುದೊರೆಯನ್ನು ಅರ್ಜುನನಿಗೆ ಸಮಮಾಡಿದ್ದು ಆಸ್ಥಾನಕವಿಯ ಅತಿಸ್ತುತಿ. ಈ ತೀರ್ಮಾನಕ್ಕೆ ಆಧಾರವಾದ ಅರ್ಥವೇ ಅರೆಬರೆಯದೆಂದು ನನ್ನ ಅಭಿಪ್ರಾಯ.

ಸಂಸ್ಕೃತದಲ್ಲಿ ‘ಸಮಂತ’ವೆಂದರೆ ಎಲ್ಲೆ ಕೂಡಿದ್ದು; ‘ಸಾಮಂತ’ನು ಮೊದಲಿಗೆ ನೆರೆಯವನು, ಅಷ್ಟೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅವನು ಗಡಿಯಾಚೆಯ ಸ್ವತಂತ್ರ ಅರಸು. ಸಂಧಿ ಮಾಡಿಕೊಳ್ಳಬೇಕಾದವನು, ಇಲ್ಲವೆ ಕಾದಬೇಕಾದವನು. ಅಧೀನನೆಂಬ ಅರ್ಥ ಬಲಿತದ್ದು ಗುಪ್ತರ ಕಾಲದಿಂದೀಚೆಗೆ. ಆಗಲೂ ಅವನು ತನ್ನ ನೆಲವನ್ನೂ ದಂಡನ್ನೂ ಉಳಿಸಿಕೊಂಡೇ ಇದ್ದನು. ನಮ್ಮ ಶಾಸನಗಳಲ್ಲಿ ‘ಮಹಾಸಾಮಂತ’ ಎಂಬುದು ಬಿರುದು; ನಾಚಿಕೆಯ ಮಾತನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. (ಪಾಳೆಯಗಾರನನ್ನೂ ಇವನ ಜೊತೆಗೆ ಒಂದೇ ಕಟ್ಟಿಗೆ ಸೇರಿಸುವುದುಂಟು. ‘ಪಾಳೆಯ’ವೆಂದರೆ ದಂಡಿನ ಬೀಡು, ಆ ಹೆಸರು ಮೆರೆದದ್ದು ವಿಜಯನಗರದ ಕಾಲದಲ್ಲಿ ಮತ್ತು ಆಮೇಲೆ.)

ವೇಮುಲವಾಡದ ಅರಿಕೇಸರಿಯು ತನ್ನ ಮರೆಹೊಕ್ಕ ವಿಜಯಾದಿತ್ಯನನ್ನು ಚಕ್ರವರ್ತಿ ಗೊಜ್ಜಿಗನಿಗೆ ಒಪ್ಪಿಸಲಿಲ್ಲ. ಗೊಜ್ಜಿಗನನ್ನು ಇಳಿಸಿ ಬದ್ದೆಗನನ್ನು ಪಟ್ಟಕ್ಕೇರಿಸಿದವರಲ್ಲಿ ಅವನೇ ಮುಂದಾಳು. ಇದು ಸುಮಾರು ಕ್ರಿ.ಶ. 935ರ ಸಂಗತಿ, ಕಾವ್ಯ ಸುಮಾರು 941ರದು. ಪಂಪನು ಅವನನ್ನು ‘ಸಾಮಂತಚೂಡಾಮಣಿ’ ಎಂದು ಕರೆದಾಗ, ಪದವಿಯನ್ನು ತಲೆಯೆತ್ತಿಯೇ ಹೇಳುತ್ತಿದ್ದಾನೆ.

ತೊಡಕಿರುವುದು ಕರ್ಣನಲ್ಲಿ. ಅಂಗರಾಜ್ಯವನ್ನು ದುರ್ಯೋಧನನ ಕೈಯಿಂದ ಪಡೆದ ಅವನೇ ಕಾವ್ಯದೊಳಗಿನ ನಿಜವಾದ ಸಾಮಂತ. ಉಂಡ ಅನ್ನದ ಹೊಣೆ, ಅಂದಿನವರ ಮಾತಿನಲ್ಲಿ ‘ಜೋಳವಾಳಿ’, ಅವನನ್ನು ಕಟ್ಟಿಹಾಕಿದೆ. ಹೆತ್ತ ತಾಯಿ ಬಂದು ಬೇಡಿದರೂ ಪಕ್ಷ ಬಿಡಲೊಲ್ಲ. ಆಶ್ರಯದಾತನು ಅರ್ಜುನನಾಗಿರುವಾಗ ಪಂಪನು ಕರ್ಣನಿಗೆ ಅಷ್ಟೊಂದು ಮನಸ್ಸು ಕೊಟ್ಟದ್ದೇಕೆ? ಕವಿಯ ಔದಾರ್ಯವೆಂದು ಹೇಳಿ ಕೈತೊಳೆದುಕೊಳ್ಳುವ ವಿಮರ್ಶಕರಿದ್ದಾರೆ. ನನಗೆ ತೋರುವುದು ಬೇರೆ. ಒಡೆಯನನ್ನು ಇಳಿಸಿದ ಸಾಮಂತನ ಸಭೆಯಲ್ಲಿ, ಒಡೆಯನನ್ನು ಕಡೆತನಕ ಬಿಡದ ಸಾಮಂತನ ಕಥೆಯನ್ನು ಕವಿ ಹೇಳುತ್ತಿದ್ದಾನೆ; ಅದೂ ಕರ್ಣನನ್ನು ನೆನೆಯಿರೆಂದು ಕೇಳುಗರನ್ನು ಒತ್ತಾಯಿಸುತ್ತ. ಅರಿಕೇಸರಿಯ ಕಿವಿಗೆ ಅದು ಹೇಗೆ ಬಿದ್ದಿರಬೇಕು! ಕವಿಗೆ ಧರ್ಮವುರದ ಅಗ್ರಹಾರವನ್ನಂತೂ ಅವನು ಕೊಟ್ಟನು.