ನೆರಳಿಲ್ಲದ ಬೆಳಕಿನಲ್ಲಿ ಲೂಸಿ

‘ಐ ಲವ್ ಲೂಸಿ’ ಹಾಸ್ಯ ಧಾರಾವಾಹಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದದ್ದು 1951ರ ಅಕ್ಟೋಬರ್ 15ರಂದು. ಇಂದಿಗೂ ಅದರ ಚಿತ್ರ ನಿಚ್ಚಳ. ಅದೇ ಕಾಲದ ಎಷ್ಟೋ ಕಾರ್ಯಕ್ರಮಗಳು ಮಸುಕಾಗಿ ಉಳಿದಿವೆ, ಇನ್ನೆಷ್ಟೋ ಉಳಿದೇ ಇಲ್ಲ. ಆಗಿನ್ನೂ ವಿಡಿಯೊ ಟೇಪ್ ಬಂದಿರಲಿಲ್ಲ. ನ್ಯೂಯಾರ್ಕಿನಿಂದ ನೇರಪ್ರಸಾರ ಮಾಡಿ, ಟಿವಿ ಪರದೆಯನ್ನೇ ಫಿಲ್ಮಿಗೆ ಇಳಿಸಿ ದೂರದ ಕೇಂದ್ರಗಳಿಗೆ ಕಳಿಸುತ್ತಿದ್ದರು. ಕಿನೆಸ್ಕೋಪ್ ಎಂಬ ಆ ನಕಲಿನಲ್ಲಿ ಮುಖಗಳೇ ಕಲಸಿಹೋಗುತ್ತಿದ್ದವು. ಲೂಸಿಯ ಪಾತ್ರಧಾರಿ ಲೂಸಿಲ್ ಬಾಲ್ ಮತ್ತು ಪತಿ ಡೆಸಿ ಅರ್ನಾಜ್ ಹಾಲಿವುಡ್ ಬಿಡಲು ಒಪ್ಪಲಿಲ್ಲ. ಅಲ್ಲಿಂದ ನೇರಪ್ರಸಾರ ಮಾಡಿ ಪೂರ್ವ ತೀರದವರಿಗೆ ಕಿನೆಸ್ಕೋಪಿನ ಮಸುಕು ಚಿತ್ರ ತೋರಿಸಲು ಪ್ರಾಯೋಜಕರು ಒಪ್ಪಲಿಲ್ಲ. ಕೊನೆಗೆ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು 35 ಎಂಎಂ ಫಿಲ್ಮಿನ ಮೂರು ಕ್ಯಾಮೆರಾಗಳನ್ನು ಏಕಕಾಲಕ್ಕೆ ಓಡಿಸುವುದೆಂದಾಯಿತು.

ಛಾಯಾಗ್ರಹಣದ ಹೊಣೆ ಹೊತ್ತವರು ಕಾರ್ಲ್ ಫ್ರಾಯಿಂಡ್. ‘ಮೆಟ್ರೊಪೊಲಿಸ್’, ‘ಡ್ರಾಕುಲಾ’ ಚಿತ್ರಗಳಲ್ಲಿ ನೆರಳನ್ನು ಮಾತಾಡಿಸಿದವರು. ಇಲ್ಲಿ ಅವರು ನೆರಳನ್ನೇ ಅಳಿಸಬೇಕಾಯಿತು. ಸಿನಿಮಾದಲ್ಲಾದರೆ ಒಂದೊಂದು ಶಾಟ್‌ಗೂ ದೀಪಗಳನ್ನು ಹೊಸದಾಗಿ ಜೋಡಿಸಬಹುದು. ಮೂರು ಕೋನಗಳಿಂದ ಒಟ್ಟಿಗೆ ತೆಗೆಯುವಾಗ ಅದಕ್ಕೆ ಎಡೆಯಿಲ್ಲ. ಹೀಗಾಗಿ ದೀಪಗಳನ್ನೆಲ್ಲ ಮೇಲಿಂದ ತೂಗುಹಾಕಿ ಸೆಟ್ಟಿನ ಉದ್ದಗಲಕ್ಕೂ ಒಂದೇ ಹದದ ಬೆಳಕು ಚೆಲ್ಲಿದರು. ಕಪ್ಪು–ಬಿಳುಪಿನ ತಾಕಲಾಟ ತಗ್ಗಿಸಲು ಗೋಡೆ, ಪೀಠೋಪಕರಣಗಳಿಗೆ ಬೂದು ಛಾಯೆಗಳನ್ನು ಬಳಿಸಿದರು. ಇದರಲ್ಲಿ ನಷ್ಟವೂ ಆಯಿತು. ಕಥೆಯ ಲೂಸಿ ಮತ್ತವಳ ಪತಿ, ಅಂದರೆ ರಿಕಾರ್ಡೊ ದಂಪತಿಯ ಮನೆಯಲ್ಲಿ ಇರುಳಿಗೂ ಹಗಲಿಗೂ ಹೆಚ್ಚು ವ್ಯತ್ಯಾಸವಿಲ್ಲ. ಪ್ರೇಕ್ಷಕರು ಕೂತ ಕಡೆಯ ಗೋಡೆಯಂತೂ ಇಲ್ಲವೇ ಇಲ್ಲ.

ಆದರೆ 1952ರ ಚಾಕೊಲೇಟ್ ಕಾರ್ಖಾನೆಯ ಕಂತನ್ನು ನೋಡಿ. ಲೂಸಿ ಮತ್ತು ಅವಳ ಗೆಳತಿ ಎಥೆಲ್ ಬೆಲ್ಟಿನ ಮೇಲೆ ಸಾಗಿಬರುವ ಚಾಕೊಲೇಟುಗಳಿಗೆ ಕಾಗದ ಸುತ್ತಬೇಕು. ಬೆಲ್ಟು ವೇಗವಾಗುತ್ತದೆ. ಸುತ್ತಲಾಗದ್ದು ಮೊದಲು ಬಾಯಿಗೆ, ಆಮೇಲೆ ಟೋಪಿಯೊಳಕ್ಕೆ, ರವಿಕೆಯೊಳಕ್ಕೆ. ಮೇಲ್ವಿಚಾರಕಿ ಬಂದು ಖಾಲಿ ಬೆಲ್ಟು ಕಂಡು, ಮೆಚ್ಚಿ, ಇನ್ನಷ್ಟು ಜೋರಾಗಿ ಓಡಿಸಲು ಹೇಳುತ್ತಾಳೆ! ಇದನ್ನು ತುಂಡು ತುಂಡಾಗಿ ತೆಗೆದಿದ್ದರೆ ನಗು ಸತ್ತೇಹೋಗುತ್ತಿತ್ತು. ಕೈ, ಕೆನ್ನೆ, ಕಣ್ಣು, ಬೆಲ್ಟು ಒಟ್ಟಿಗೆ ಕಂಡರೇ ಆ ಗಾಬರಿ ನಮಗೂ ತಾಗುವುದು. ಆ ಸಮತಟ್ಟು ಬೆಳಕು ನಟಿಗೆ ಇಡೀ ಮೈಯನ್ನು ಬಿಟ್ಟುಕೊಟ್ಟಿತು. ಇನ್ನೊಂದು ಸಂಗತಿಯೂ ಮುಖ್ಯ: ಎದುರಿಗೆ ಕೂತವರ ನಗು ಇಳಿಯುವವರೆಗೆ ಬಾಲ್ ಕಾಯುತ್ತಾರೆ, ಕಾಯುತ್ತಲೇ ಮುಖದಲ್ಲಿ ಇನ್ನೇನೋ ಹೊಳೆಯಿಸುತ್ತಾರೆ. ಅಭಿನಯದ ಲಯವನ್ನು ಕಟ್ಟುವುದರಲ್ಲಿ ಪ್ರೇಕ್ಷಕರದ್ದೂ ಪಾಲಿದೆ.

ಬಾಲ್ ಹೆರಿಗೆಯ ಬಿಡುವಿನಲ್ಲಿದ್ದಾಗ ಹಳೆಯ ಕಂತುಗಳು ಮರುಪ್ರಸಾರವಾದವು. ಫಿಲ್ಮ್ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಈ ಮೂರು ಕ್ಯಾಮೆರಾಗಳ ಕ್ರಮ ದಶಕಗಳ ಕಾಲ ಟಿವಿ ಹಾಸ್ಯದ ಅಚ್ಚಾಯಿತು. ನಂತರದ ಎಷ್ಟೋ ಧಾರಾವಾಹಿಗಳು ಧ್ವನಿಮುದ್ರಿತ ನಗೆಯನ್ನು ಅಂಟಿಸಿಕೊಂಡು ಪ್ರೇಕ್ಷಕರನ್ನೇ ಕೈಬಿಟ್ಟವು. ನನಗೆ ಅವು ಸಪ್ಪೆ ಎನಿಸುವುದು ಬೆಳಕಿನ ದೆಸೆಯಿಂದಲ್ಲ. ಅಲ್ಲಿನ ನಟರಿಗೆ ಕಾಯಲು ಯಾರೂ ಇಲ್ಲ.